ಬಾಟಲಿ ಗಾಜೆಂದು ಟಿವಿ ಗಾಜು ಮಾರಿದರು: ಗ್ಲೇಜ್ ಮಾಡುವವರು ದಯವಿಟ್ಟು ಗಮನಿಸಿ

ಗಾಜಿನ ಪುಡಿಯಿಂದ ಗ್ಲೇಜ್ (ಮಣ್ಣಿನ ಪಾತ್ರೆಗೆ ಬಳಿದು ಸುಡುವ ಗಾಜಿನಂಥ ಲೇಪ) ಮಾಡುವವರು, ಅದರಲ್ಲೂ ಅಡುಗೆಮನೆಗೆ ಹೋಗುವ ಪಾತ್ರೆ ಮಾಡುವವರು, ಇದನ್ನು ಪೂರ್ತಿ ಓದಿ. ಬಾಟಲಿ ಗಾಜಿನ ಪುಡಿ ಎಂದು ನನಗೆ ಮಾರಿದ್ದು ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಗಾಜು. ಆ ಗಾಜಿನಲ್ಲಿ ಸೀಸವಿದೆ. ಆ ಸೀಸವನ್ನು ನಾನು ಕೈಯಾರೆ 14 ಉಪ್ಪಿನಕಾಯಿ ಜಾಡಿಗಳ ಒಳಮೈಗೆ ಬಳಿದು, ಸುಟ್ಟು, ಗುರುತಿನವರಿಗೇ ಮಾರಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೊದಲೆಲ್ಲ ನಾನೇ ಖಾಲಿ ಬಾಟಲಿಗಳನ್ನು ತೊಳೆದು, ಕಾಯಿಸಿ, ತಣ್ಣೀರಿಗೆ ಹಾಕಿ ಬಿರಿಸಿ, ನೀರಿನಲ್ಲೇ ಅರೆದು, 200 ಮೆಶ್ ಜರಡಿಯಲ್ಲಿ ಸೋಸಿಕೊಳ್ಳುತ್ತಿದ್ದೆ. ಬಾಟಲಿ ಗಾಜಿನ ಉಪದ್ರವಗಳು ಗೊತ್ತಿರುವವೇ: ನೂರಕ್ಕೆ 13–14ರಷ್ಟು ಸೋಡಾ ಇರುವುದರಿಂದ ತಣಿಯುವಾಗ ಅದು ಮಣ್ಣಿಗಿಂತ ಹೆಚ್ಚು ಕುಗ್ಗಿ, ಗ್ಲೇಜಿನ ತುಂಬ ಕೂದಲೆಳೆಯಂಥ ಬಿರುಕು ಬೀಳುತ್ತದೆ; ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಗಾರೆಯಂತೆ ಕೂತುಬಿಡುತ್ತದೆ. ಆದರೂ ಅದರಲ್ಲೇನಿದೆ ಎಂಬುದು ನನಗೆ ಗೊತ್ತಿತ್ತು. ಪುಡಿ ಅರೆಯುವ ಯಂತ್ರವಾದ ಬಾಲ್ ಮಿಲ್ಲಿನ ಮೋಟಾರು ಸುಟ್ಟುಹೋದಾಗ, ಬೆಂಗಳೂರಿನ ಒಬ್ಬ ಮಾರಾಟಗಾರರಿಂದ 25 ಕೆ.ಜಿ. ಪುಡಿ ತರಿಸಿದೆ. ಊಟದ ಪಾತ್ರೆಗೆ ಎಂದು ಮೊದಲೇ ತಿಳಿಸಿದ್ದೆ. "ಸೋಡಾ ಬಾಟ್ಲಿ ಗಾಜೇ ಸರ್, ಸೀಸ ಗೀಸ ಏನೂ ಇಲ್ಲ, ಗ್ಯಾರಂಟಿ" ಎಂದು ಬರೆದ ಸಂದೇಶ ಇಂದಿಗೂ ನನ್ನ ಫೋನಿನಲ್ಲಿದೆ.

ಗಾಜು 75 ಭಾಗ, ಬೋರಾಕ್ಸ್ ಫ್ರಿಟ್ (ಬೋರಾಕ್ಸ್ ಸೇರಿಸಿ ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) 10, ಚೀನಾ ಜೇಡಿ 15 ಎಂಬ ನನ್ನ ಮಾಮೂಲು ಅಳತೆಯಲ್ಲೇ ಕಲಸಿ 1040 ಡಿಗ್ರಿಗೆ ಸುಟ್ಟೆ. ಕಿಲ್ನ್ (ಪಾತ್ರೆ ಸುಡುವ ಗೂಡು) ತೆರೆದಾಗ ಜಾಡಿಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು, ಒಂದರಲ್ಲೂ ಬಿರುಕಿರಲಿಲ್ಲ. ಇಲ್ಲಿಯೇ ನಾನು ಮೋಸಹೋದದ್ದು. ಅಷ್ಟು ವರ್ಷ ಬಿರುಕು ಬಿಟ್ಟ ಗ್ಲೇಜ್ ಒಮ್ಮೆಲೇ ಕನ್ನಡಿಯಂತಾದರೆ ಏಕೆಂದು ಕೇಳಬೇಕಾದವನು ನಾನೇ ಆಗಿದ್ದೆ. ನಾನು ಹಿಗ್ಗಿ ಫೋಟೊ ತೆಗೆಯುತ್ತ ಕುಳಿತೆ. ಸೀಸ ಸೇರಿದ ಗ್ಲೇಜ್ ಹೀಗೆಯೇ ಸುಲಭವಾಗಿ ಕರಗಿ, ಹೀಗೆಯೇ ಹೊಳೆಯುತ್ತದೆ ಎಂಬುದನ್ನು ಓದಿಯೂ ಇದ್ದೆ. ಓದಿದ್ದು ಹೊಳಪಿನ ಮುಂದೆ ನೆನಪಾಗಲಿಲ್ಲ.

ಚೀಲದ ತಳ ಕಂಡಾಗ ಅರೆಯದೆ ಉಳಿದ ಒಂದು ತುಂಡು ಸಿಕ್ಕಿತು. ಬಾಟಲಿಗಿಂತ ದಪ್ಪ, ಸ್ವಲ್ಪ ಬೂದುಬಣ್ಣ, ಒಂದು ಮಗ್ಗುಲಿಗೆ ಉಜ್ಜಿದರೆ ಬೆರಳಿಗೆ ಹತ್ತುವ ಕಪ್ಪು ಮಸಿ. ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದ ನಮ್ಮ ಭಾವ ಅದನ್ನು ಬೆಳಕಿಗೆ ಹಿಡಿದು, "ಇದು ಬಾಟ್ಲಿ ಅಲ್ಲ ಮಾರಾಯ, ಪಿಕ್ಚರ್ ಟ್ಯೂಬಿನ ಹಿಂಭಾಗ, ಮೊದಲು ಕೈ ತೊಳ್ಕೊ" ಎಂದರು. ಟ್ಯೂಬಿನ ಆ ಹಿಂಭಾಗದ ಗಾಜಿನಲ್ಲಿ ನೂರಕ್ಕೆ 20ಕ್ಕೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಒಂದು ಜಾಡಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. 4 ಪ್ರತಿಶತ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟಾಗ ಅದರೊಳಕ್ಕೆ ಸೀಸ ಇಳಿದಿದೆ ಎಂದು ವರದಿ ಬಂತು. ನನ್ನ ಜಾಡಿಗಳಲ್ಲಿ ಅಪ್ಪೆಮಿಡಿ ಹುಳಿಯುಪ್ಪಿನಲ್ಲಿ ತಿಂಗಳುಗಟ್ಟಲೆ ನೆನೆಯಬೇಕಿತ್ತು.

ಈಗ ಮಾರಾಟಗಾರರ ಉತ್ತರಗಳನ್ನು ಕೇಳಿ. ಮೊದಲ ದಿನ: "ಗಾಜು ಅಂದ್ರೆ ಗಾಜು ಸರ್, ಅದರಲ್ಲಿ ಜಾತಿ ಎಲ್ಲಿಂದ ಬಂತು?" ಎರಡನೆಯ ದಿನ: "ಊಟದ ಪಾತ್ರೆಗೆ ಅಂತ ನೀವು ಹೇಳಲೇ ಇಲ್ಲವಲ್ಲ." ಅವರದೇ ಹಳೆಯ ಸಂದೇಶವನ್ನು ಕಳುಹಿಸಿದ ಮೇಲೆ: "ಬಿಲ್ ಇದೆಯಾ?" ಬಿಲ್ ನಾನು ಪಡೆದಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಅನಂತರ ನನ್ನ ನಂಬರನ್ನು ಬ್ಲಾಕ್ ಮಾಡಿದರು. ಜಾತಿ ಎಲ್ಲಿಂದ ಬಂತಂತೆ!

ಎಲ್ಲ ಮುಗಿದ ಮೇಲೆ ಮನೆಯಲ್ಲೇ ತೂಗಿ ನೋಡಿದೆ. ಸೀಸದ ಗಾಜು ಹೆಚ್ಚು ಭಾರ, ಅಷ್ಟೇ ತೂಕಕ್ಕೆ ಕಡಿಮೆ ಜಾಗ ಹಿಡಿಯುತ್ತದೆ. ಅಳತೆಯ ಜಾಡಿಯ ನೀರಿಗೆ 250 ಗ್ರಾಂ ಪುಡಿ ಹಾಕಿ, ಗುಳ್ಳೆ ಹೋಗುವಂತೆ ಕದಡಿದರೆ, ಬಾಟಲಿ ಗಾಜಾದರೆ ನೀರು ಸುಮಾರು 100 ಮಿ.ಲೀ. ಏರುತ್ತದೆ, ನನ್ನದು 84ಕ್ಕೇ ನಿಂತಿತು. ಐದು ನಿಮಿಷದ ಕೆಲಸ, ಮೊದಲೇ ಮಾಡಲಿಲ್ಲ. ಕಡಿಮೆ ಬೆರಕೆಯಾದರೆ ಇದರಲ್ಲಿ ತಿಳಿಯುವುದಿಲ್ಲ, ಆದ್ದರಿಂದ ಮೂಲ ಗೊತ್ತಿಲ್ಲದ ಪುಡಿಯನ್ನು ಪಾತ್ರೆಗೆ ಬಳಸಲೇಬೇಡಿ; ಸಂಯೋಜನೆಯನ್ನು ಬರೆದುಕೊಡುವವರಿಂದ ಫ್ರಿಟ್ ಕೊಳ್ಳಿ, ಇಲ್ಲವೇ ನಿಮ್ಮದೇ ಬಾಟಲಿ ಅರೆಯಿರಿ. ಬಿಲ್ ಮಾತ್ರ ಬಿಡಬೇಡಿ.

ಪ್ರಯೋಗಾಲಯಕ್ಕೆ ಹೋದದ್ದೂ ಸೇರಿ 12 ಜಾಡಿಗಳನ್ನು ದುಡ್ಡು ಮರಳಿಸಿ ವಾಪಸು ತಂದಿದ್ದೇನೆ. ಉಳಿದ ಎರಡು ಸಾಗರದ ಒಂದೇ ಮನೆಯಲ್ಲಿವೆ. ನಾನು ಮೂರು ಸಲ ಫೋನ್ ಮಾಡಿದರೂ ಆ ಅಮ್ಮ, "ಮಿಡಿ ಚೆನ್ನಾಗಿ ಕೂತಿದೆ ತಮ್ಮ, ಚೆಲ್ಲೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದಾರೆ. ಭಾನುವಾರ ನಾನೇ ಹೋಗುತ್ತಿದ್ದೇನೆ.