ರೀಡ್ ಅಲಾಂಗ್, ಸ್ಟೋರಿವೀವರ್, ಕೀಬೋರ್ಡ್: ತರಗತಿಯಲ್ಲಿ ಯಾವುದು ಯಾವುದಕ್ಕೆ?

ಚಿಕ್ಕ ಮಕ್ಕಳಿಗೆ ಓದು ಕಲಿಸಲು ನಾನು ಜಾಸ್ತಿ ಬಳಸಿದ್ದು ಎರಡು. ಗೂಗಲ್‌ನ ರೀಡ್ ಅಲಾಂಗ್ ಆ್ಯಪ್, ಮಕ್ಕಳ ಪುಸ್ತಕ ತರುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್. ಎರಡೂ ಉಚಿತ, ಎರಡರಲ್ಲೂ ಕನ್ನಡ ಕಥೆಗಳಿವೆ. ಕೆಲಸ ಮಾತ್ರ ಬೇರೆ ಬೇರೆ.

ರೀಡ್ ಅಲಾಂಗ್ ಒಂದು ಮಗುವಿಗೆ ಒಂದು ಫೋನ್ ಅನ್ನೋ ಲೆಕ್ಕದ್ದು. ಮಗು ಜೋರಾಗಿ ಓದಬೇಕು, ದಿಯಾ ಅನ್ನೋ ಗೊಂಬೆ ಕೇಳಿಸಿಕೊಳ್ಳುತ್ತಾಳೆ. ತಡವರಿಸಿದ ಪದದ ಮೇಲೆ ಬೆರಳಿಟ್ಟರೆ ಹೇಳಿಕೊಡುತ್ತಾಳೆ. ಎಲ್ಲರೆದುರು ಓದಲು ನಾಚುವ ಮಕ್ಕಳಿಗೆ ಇದೇ ಸರಿ. ಪಕ್ಕದಲ್ಲಿ ಕೂತವನು ನಗುತ್ತಾನೆ, ದಿಯಾ ನಗೋದಿಲ್ಲ. ಆದರೆ ಆಡುತ್ತಾ ಹಾಡುತ್ತಾ ಕಲಿಯುವ ನಲಿ-ಕಲಿ ಕೋಣೆಯ ಗಲಾಟೆಯಲ್ಲಿ ಯಾವ ಮೈಕ್ ತಾನೇ ಏನು ಕೇಳಿಸಿಕೊಂಡೀತು? ಓದುವ ಮಗುವನ್ನು ವರಾಂಡಕ್ಕೆ ಕಳಿಸೋದೇ ವಾಸಿ. ಕಥೆಗಳನ್ನು ಮೊದಲೇ ಇಳಿಸಿಕೊಂಡಿದ್ದರೆ ಅಲ್ಲಿ ನೆಟ್ ಕೂಡ ಬೇಕಿಲ್ಲ.

ಇಡೀ ತರಗತಿಗೆ ಸ್ಟೋರಿವೀವರೇ ಸೈ. 2015ರಿಂದ ಇದೆ. ಕಥೆಗಳು ನಾಲ್ಕು ಹಂತದಲ್ಲಿವೆ, ಮೊದಲ ಹಂತದವು 250 ಪದಗಳ ಒಳಗೆ ಮುಗಿಯುತ್ತವೆ. ಮುಕ್ತ ಪರವಾನಗಿ ಇರೋದರಿಂದ ಪಿಡಿಎಫ್ ಇಳಿಸಿ ಪ್ರಿಂಟ್ ಹಾಕಿಸಬಹುದು, ಕರೆಂಟ್ ಹೋದರೂ ಪಾಠ ನಿಲ್ಲಲ್ಲ. ನನಗೆ ಇಷ್ಟವಾದ ಆಟ ಒಂದಿದೆ. ಸಾಲುಗಳನ್ನು ಮುಚ್ಚಿ ಚಿತ್ರ ಮಾತ್ರ ತೋರಿಸಿ, ಕಥೆಯನ್ನು ಮಕ್ಕಳಿಂದಲೇ ಹೇಳಿಸೋದು. ಆಮೇಲೆ ಓದಿದರೆ ಪುಸ್ತಕದ ಕಥೆಯೇ ತಪ್ಪು ಅಂತ ಜಗಳಕ್ಕೆ ಬರುತ್ತಾರೆ!

ಇನ್ನು ಬರವಣಿಗೆ. ಫೋನಿನಲ್ಲಿ ಎರಡು ದಾರಿ: ಬೆರಳಲ್ಲಿ ಗೀಚುವ ಕೈಬರಹದ ಕೀಬೋರ್ಡ್, ಅಕ್ಷರ ಒತ್ತುವ ಮಾಮೂಲಿ ಕೀಬೋರ್ಡ್. ಬರೆಯಲು ಕಲಿಸೋಕೆ ಮೊದಲನೆಯದೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ನನ್ನ ಅನುಭವದಲ್ಲಿ ಉಲ್ಟಾ. ಸೊಟ್ಟಗೆ ಗೀಚಿದರೂ ಅದು ಊಹಿಸಿ ಸರಿಯಾದ ಪದವನ್ನೇ ಮುಂದಿಡುತ್ತದೆ. ಮಗು ದೀರ್ಘ ಬಿಟ್ಟಿದ್ದು ಮಗುವಿಗೇ ಗೊತ್ತಾಗೋದಿಲ್ಲ.

ಮಾಮೂಲಿ ಕೀಬೋರ್ಡ್ ಹಾಗೆ ಸುಮ್ನೆ ಬಿಡೋದಿಲ್ಲ. 'ಸೂರ್ಯ'ವನ್ನೇ ತಗೊಳ್ಳಿ. ಕಾಪಿ ಪುಸ್ತಕದಲ್ಲಿ ಯ ಮೊದಲು, ಅರ್ಕಾವೊತ್ತು ಆಮೇಲೆ. ಅದಕ್ಕೇ ಎಷ್ಟೋ ಮಕ್ಕಳು 'ಸೂಯ್ರ' ಅಂತ ಓದುತ್ತಾರೆ. ಕೀಬೋರ್ಡಿನಲ್ಲಿ ಬಾಯಲ್ಲಿ ಬಂದ ಕ್ರಮದಲ್ಲೇ ಒತ್ತಬೇಕು: ಮೊದಲು ರ, ಆಮೇಲೆ ಒತ್ತಿನ ಗುರುತು (್), ಕೊನೆಗೆ ಯ. ಯ ಒತ್ತಿದ್ದೇ ತಡ, ರ ಮಾಯವಾಗಿ ಬಲಗಡೆ ಅರ್ಕಾವೊತ್ತಾಗಿ ಕೂರುತ್ತದೆ. "ಮಿಸ್, ಇನ್ನೊಂದ್ಸಲ!" ಅಂತ ಕರ್ಣ, ಸರ್ಪ, ಪರ್ವತ ಎಲ್ಲ ಒತ್ತಿಸಿ ನೋಡುತ್ತಾರೆ. ಬೋರ್ಡಿನ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಇಲ್ಲಿ ಹೋಗುತ್ತದೆ. ಅಕ್ಷರ ದುಂಡಗಾಗಲು ಮಾತ್ರ ಸ್ಲೇಟು, ಕಾಪಿ ಪುಸ್ತಕ ಬೇಕೇ ಬೇಕು.

ಫೋನ್ ಕೊಡುವ ಮುಂಚೆ ಸೆಟ್ಟಿಂಗ್‌ಗೆ ಹೋಗಿ ಪದ ಸೂಚಿಸುವುದನ್ನು ಆಫ್ ಮಾಡಿ. ಇಲ್ಲದಿದ್ದರೆ 'ಸೂ' ಒತ್ತುವಷ್ಟರಲ್ಲಿ ಮೇಲೆ 'ಸೂರ್ಯ' ರೆಡಿ ಇರುತ್ತದೆ, ಮಕ್ಕಳು ಅದನ್ನೇ ಒತ್ತಿ "ಆಯ್ತು ಮಿಸ್" ಅಂತಾರೆ.