‘ಹೊಟ್ಟೆ ಕ್ಲಿಯರ್’ ಮಾಡುವ ಪುಡಿ ಕುಡಿಯುವ ಮೊದಲು ಡಬ್ಬಿಯ ಹಿಂಬದಿ ಓದಿ

ಮನೆಯಲ್ಲಿ ವಯಸ್ಸಾದವರು ಇದ್ದಾರಾ? ಮೋಷನ್ ಸರಿಯಾಗಲಿ ಅಂತ ಅವರು ಯಾವುದಾದರೂ ‘ನ್ಯಾಚುರಲ್’ ಪುಡಿ ಕುಡಿಯುತ್ತಿದ್ದಾರಾ? ಹಾಗಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಥ ಪುಡಿಯಿಂದಲೇ ನನ್ನ ಅಮ್ಮ ಆಸ್ಪತ್ರೆ ಸೇರಬೇಕಾಯಿತು.

ಅಮ್ಮ ಇರುವುದು ಉಡುಪಿಯಲ್ಲಿ. ಬಿಪಿಗೆ ಮಾತ್ರೆ ಇದೆ, ಮೂಳೆಗೆ ಅಂತ ಕ್ಯಾಲ್ಸಿಯಂ ಬೇರೆ. ಮೋಷನ್ ಗಟ್ಟಿಯಾಗಿ ತುಂಬಾ ಕಷ್ಟಪಡುತ್ತಿದ್ದರು. ಭಜನೆಯಲ್ಲಿ ಪರಿಚಯವಾದ ಹೆಂಗಸೊಬ್ಬರು, ‘ಇದು ಬರೀ ಫೈಬರ್ ಅಕ್ಕ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಅಂತ ಒಂದು ಡಬ್ಬಿ ಮಾರಿದರು. ರಾತ್ರಿ ಬಿಸಿನೀರಿಗೆ ಒಂದು ಚಮಚ. ಬೆಳಿಗ್ಗೆ ಹೊಟ್ಟೆ ಖಾಲಿ. ಅಮ್ಮನಿಗೆ ಸಂತೋಷವೋ ಸಂತೋಷ. ಬರಬರುತ್ತಾ ಒಂದು ಚಮಚ ಸಾಲದೆ ಎರಡಾಯಿತು. ಆ ಹೆಂಗಸಿಗೆ ಫೋನ್ ಮಾಡಿ ಕೇಳಿದರೆ, ‘ಜಾಸ್ತಿ ಹಾಕಿ, ಒಳಗಿನ ಕಸ ಎಲ್ಲ ಹೋಗಲಿ’ ಅಂದರಂತೆ.

ಆಮೇಲೆ ಶುರುವಾಯಿತು ಸುಸ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎದೆ ಡವಡವ ಅನ್ನುವುದು. ಒಂದು ದಿನ ಮಣಿಪಾಲಕ್ಕೆ ಹೊರಟವರಿಗೆ ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಲು ಆಗಲಿಲ್ಲ. ಕಂಡಕ್ಟರ್ ರಟ್ಟೆ ಹಿಡಿದು ಎತ್ತಿದರೂ ಮೊಣಕಾಲು ನಿಲ್ಲಲಿಲ್ಲ. ಅಲ್ಲಿಂದ ಸೀದಾ ಆಸ್ಪತ್ರೆಗೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಶಿಯಂ (ಸ್ನಾಯು, ಹೃದಯ ಸರಿಯಾಗಿ ಕೆಲಸ ಮಾಡಲು ಬೇಕಾದ ಲವಣ) 2.6. ಇರಬೇಕಾದ್ದು ಸುಮಾರು 3.5ರಿಂದ 5. ಇಸಿಜಿಯಲ್ಲೂ ವ್ಯತ್ಯಾಸ ಕಂಡಿತು. ಡ್ರಿಪ್ ಹಾಕಿ ಮಲಗಿಸಿದರು.

ಡಾಕ್ಟರ್ ಡಬ್ಬಿ ತರಿಸಿ ನೋಡಿದರು. ಮುಂದೆ ಹಸಿರು ಎಲೆಯ ಚಿತ್ರ, ‘ಫೈಬರ್’ ಅಂತ ದೊಡ್ಡ ಅಕ್ಷರ. ಹಿಂದೆ ಸಣ್ಣ ಅಕ್ಷರದಲ್ಲಿ ಸೆನ್ನಾ, ಅಂದರೆ ಸೋನಾಮುಖಿ ಎಲೆ. ಇದು ನಾರಿನಂತೆ ಮಲವನ್ನು ಮೆತ್ತಗೆ ಮಾಡಿ ಬಿಡುವ ವಸ್ತು ಅಲ್ಲ. ದೊಡ್ಡ ಕರುಳನ್ನು ಕೆರಳಿಸಿ ಹೊರಗೆ ತಳ್ಳಿಸುವ ಔಷಧಿ. ಅಪರೂಪಕ್ಕೆ, ನಾಲ್ಕು ದಿನದ ಮಟ್ಟಿಗೆ ಡಾಕ್ಟರೇ ಕೊಡುತ್ತಾರೆ. ಪ್ರಮಾಣ ಮೀರಿ ತಿಂಗಳುಗಟ್ಟಲೆ ತೆಗೆದುಕೊಂಡು ಭೇದಿ ಆಗುತ್ತಿದ್ದರೆ ನೀರಿನ ಜೊತೆ ಪೊಟ್ಯಾಶಿಯಂ ಕೂಡ ಹೋಗುತ್ತದೆ. ಅಮ್ಮನ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಝೈಡ್ ಇತ್ತು. ಅದು ಮೂತ್ರದಲ್ಲಿ ಪೊಟ್ಯಾಶಿಯಂ ಕಳೆಯುವ ಔಷಧಿ. ಎರಡೂ ಕಡೆಯಿಂದ ಸೋರಿಕೆ! ಇನ್ನೊಂದು ಅನ್ಯಾಯ ನೋಡಿ: ಕರುಳೂ ಒಂದು ಸ್ನಾಯು ಅಲ್ವಾ, ಪೊಟ್ಯಾಶಿಯಂ ಇಳಿದರೆ ಅದೂ ಸೋಲುತ್ತದೆ, ಮಲಬದ್ಧತೆ ಮತ್ತೆ ಬರುತ್ತದೆ. ಅದಕ್ಕೇ ಇನ್ನೊಂದು ಚಮಚ! ಹೃದಯದ ತೊಂದರೆಗೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗಂತೂ ಪೊಟ್ಯಾಶಿಯಂ ಇಳಿಯುವುದು ಇನ್ನೂ ಅಪಾಯ.

ನನಗೆ ಸಿಟ್ಟು ಬಂದದ್ದು ಆ ಹೆಂಗಸಿನ ಮಾತಿಗೆ. ವಿಷಯ ತಿಳಿಸಿದರೆ, ‘ಅದು ಡಿಟಾಕ್ಸ್ ಆಗುತ್ತಿರುವ ಲಕ್ಷಣ, ನಿಲ್ಲಿಸಬೇಡಿ’ ಅಂದರು. ಆಸ್ಪತ್ರೆಯ ಹಾಸಿಗೆಯಲ್ಲಿರುವವರಿಗೆ ಹೇಳುವ ಮಾತಾ ಇದು?

ಲೇಬಲ್‌ನಲ್ಲಿ ಸೆನ್ನಾ, ಸೋನಾಮುಖಿ, ಸ್ವರ್ಣಪತ್ರಿ ಅಥವಾ ಕ್ಯಾಸಿಯಾ ಅಂಗುಸ್ಟಿಫೋಲಿಯಾ ಅಂತ ಇದ್ದರೆ ಡಾಕ್ಟರಿಗೆ ತೋರಿಸದೆ ದಿನಾ ಕುಡಿಯಬೇಡಿ. ಮೆಗ್ನೀಶಿಯಂ ಅಂತ ಇದ್ದು, ಕಿಡ್ನಿ ದುರ್ಬಲ ಇದ್ದರೆ ಅದೂ ಬೇಡ, ಮೈಯಲ್ಲೇ ಉಳಿದುಕೊಳ್ಳುತ್ತದೆ. ಇಸಬ್‌ಗೋಲ್ ನಿಜವಾದ ನಾರು. ಆದರೆ ಅದಕ್ಕೆ ದೊಡ್ಡ ಲೋಟ ತುಂಬ ನೀರು ಬೇಕು, ಕಲಸಿದ ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟ ಇರುವ ಹಿರಿಯರಿಗೆ ಸುಮ್ನೆ ಕೊಡಬೇಡಿ.

ಅಮ್ಮನ ಮಲಬದ್ಧತೆಗೆ ಕ್ಯಾಲ್ಸಿಯಂ ಮಾತ್ರೆಯೂ ಒಂದು ಕಾರಣ ಇರಬಹುದು ಅಂದರು ಡಾಕ್ಟರ್. ಕಬ್ಬಿಣದ ಮಾತ್ರೆಯಿಂದಲೂ ಹಾಗಾಗುತ್ತದೆ. ಮಾತ್ರೆ ಬದಲಿಸಿದರು. ರಾತ್ರಿ ಬರೀ ಗಂಜಿ, ಉಪ್ಪಿನಕಾಯಿ ಇದ್ದಲ್ಲಿ ಈಗ ಬಸಳೆ, ಹೆಸರುಕಾಳು ಸೇರಿದೆ. ಚೇತರಿಸಿಕೊಂಡಿದ್ದಾರೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ಇವುಗಳಲ್ಲಿ ಯಾವುದೇ ಇದ್ದರೂ ಪುಡಿ ಹುಡುಕಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದು ಗಾಳಿಯೂ ಹೋಗದಿದ್ದರೆ ಅವತ್ತೇ ಹೋಗಿ. ಹೋಗುವಾಗ ಮನೆಯಲ್ಲಿರುವ ಮಾತ್ರೆ, ಪುಡಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.