ಸಂಮೋಹನದಲ್ಲಿ ನನಗೆ ‘ನೆನಪಾದ’ ಘಟನೆ ನಡೆದೇ ಇರಲಿಲ್ಲ

ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ಕಾರಣ ತಿಳಿಯದ ಆತಂಕ. ಇಂಥ ತೊಂದರೆಗಳಿಗೆ ವೈದ್ಯರನ್ನು ಕಾಣದೆ ನೇರವಾಗಿ ಹಿಪ್ನೋಥೆರಪಿಗೆ (ಸಂಮೋಹನ ಚಿಕಿತ್ಸೆಗೆ) ಹೋಗಬೇಕೆಂದಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ನನಗೆ ಚಿಕಿತ್ಸೆ ಕೊಟ್ಟವರ ಹೆಸರನ್ನು ಬರೆಯುವುದಿಲ್ಲ. ಅವರ ವಿಧಾನವನ್ನೇ ಅನುಸರಿಸುವವರು ಇನ್ನೂ ಅನೇಕರಿದ್ದಾರೆ. ಆ ವಿಧಾನವನ್ನು ನೀವು ಗುರುತಿಸುವಂತಾದರೆ ಸಾಕು.

ನನ್ನ ತೊಂದರೆ ಹೀಗಿತ್ತು. ಸುಮ್ಮನೆ ಕುಳಿತಿದ್ದಾಗಲೇ ಎದೆಬಡಿತ ಏರುತ್ತಿತ್ತು. ಹಸಿವು ಹೆಚ್ಚಾಗಿತ್ತು, ಹೊಟ್ಟೆ ತುಂಬ ಉಣ್ಣುತ್ತಿದ್ದೆ, ಆದರೂ ತೂಕ ಇಳಿಯುತ್ತಿತ್ತು. ಉಳಿದವರು ಚಳಿ ಎನ್ನುವ ಕೋಣೆಯಲ್ಲಿ ನಾನು ಬೆವರುತ್ತಿದ್ದೆ. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಇದನ್ನೆಲ್ಲ ಒಂದೂ ಬಿಡದೆ ಆ ಚಿಕಿತ್ಸಕರಿಗೆ ಹೇಳಿದೆ. ರಕ್ತಪರೀಕ್ಷೆ ಆಗಿದೆಯೇ ಎಂದು ಅವರು ಕೇಳಲೇ ಇಲ್ಲ. ಬಾಲ್ಯದಲ್ಲಿ ಆದ ಯಾವುದೋ ಆಘಾತವನ್ನು ಒಳಮನಸ್ಸು ಮುಚ್ಚಿಟ್ಟುಕೊಂಡಿದೆ, ಅದನ್ನು ಹೊರತೆಗೆದರೆ ದೇಹ ತಾನಾಗಿಯೇ ಸರಿಹೋಗುತ್ತದೆ ಎಂದರು. ವೈದ್ಯರಿಗೂ ತೋರಿಸಲೇ ಎಂದು ನಾನಾಗಿ ಕೇಳಿದಾಗ, “ಅವರು ಮಾತ್ರೆ ಕೊಟ್ಟು ಲಕ್ಷಣವನ್ನು ಅದುಮಿಬಿಡುತ್ತಾರೆ, ಆಮೇಲೆ ಬೇರು ಕೈಗೆ ಸಿಗುವುದಿಲ್ಲ” ಎಂಬ ಉತ್ತರ ಬಂತು.

ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಾನಿಯಾದದ್ದು ಅಲ್ಲಿಯೇ. ಒರಗು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ನಿಧಾನವಾಗಿ ಉಸಿರಾಡಿಸಿ, ಒಂದು ಮೆಟ್ಟಿಲಸಾಲನ್ನು ಇಳಿಯುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಪ್ರತಿ ಮೆಟ್ಟಿಲಿಗೂ ನಾನು ಕಿರಿಯಳಾಗುತ್ತ ಹೋಗಬೇಕು. ಕೊನೆಯ ಮೆಟ್ಟಿಲಿನಲ್ಲಿ ಪ್ರಶ್ನೆಗಳು ಆರಂಭವಾದವು.

“ಸುತ್ತಲೂ ಕತ್ತಲೆ ಇದೆ, ಅಲ್ಲವೇ?”

ಹೌದು ಎಂದೆ. ಕಣ್ಣು ಮುಚ್ಚಿದ್ದವಳಿಗೆ ಕತ್ತಲೆಯೇ ಇತ್ತು.

“ಬಾಗಿಲ ಬಳಿ ಯಾರೋ ನಿಂತಿದ್ದಾರೆ. ಗಂಡಸು. ನಿಮಗೆ ಗೊತ್ತಿರುವವರು. ಮುಖ ನೋಡಿ, ಯಾರು?”

ಒಂದು ಮುಖ ಬಂತು. ನನ್ನ ಚಿಕ್ಕಪ್ಪನದು. ಮೊದಲ ಭೇಟಿಯಲ್ಲಿ ಮನೆಯಲ್ಲಿ ಯಾರ್‍ಯಾರು ಇದ್ದರು ಎಂದು ಅವರು ಬರೆದುಕೊಂಡಾಗ ನಾನು ಹೇಳಿದ ಹೆಸರುಗಳಲ್ಲಿ ಅದೂ ಒಂದು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಅವರು ನನ್ನನ್ನು ಕೂಡಿಹಾಕುತ್ತಿದ್ದರು ಎಂಬ ‘ನೆನಪು’ ಹೀಗೆ ಹುಟ್ಟಿತು. ನಾನು ಬಿಕ್ಕಿಬಿಕ್ಕಿ ಅತ್ತೆ, ಎದೆ ಹೊಡೆದುಕೊಂಡಿತು. “ನೋಡಿದಿರಾ, ದೇಹ ಸುಳ್ಳು ಹೇಳುವುದಿಲ್ಲ” ಎಂದರು. ಆಮೇಲಿನ ಪ್ರತಿ ಭೇಟಿಯಲ್ಲೂ ಹೊಸ ವಿವರಗಳು ಸೇರಿಕೊಂಡವು: ಚಿಲಕದ ಸದ್ದು, ಹಳೆಯ ಗೋಣಿಚೀಲದ ವಾಸನೆ. ನಿಜವಾಗಿ ನಡೆದ ಎಷ್ಟೋ ಸಂಗತಿಗಳಿಗಿಂತ ಅವು ನನ್ನಲ್ಲಿ ಸ್ಪಷ್ಟವಾಗಿದ್ದವು. ಚಿಕ್ಕಪ್ಪನನ್ನು ನೇರವಾಗಿ ಕೇಳಿ, ಕೇಳದಿದ್ದರೆ ಗುಣವಾಗುವುದಿಲ್ಲ ಎಂಬ ಒತ್ತಾಯವೂ ಅವರಿಂದಲೇ ಬಂತು. ಕೇಳಿದೆ. ಆ ಮನುಷ್ಯ ಉತ್ತರ ಕೊಡಲಾಗದೆ ಎದ್ದು ಹೋದರು.

ಅಮ್ಮ ಆಡಿದ್ದು ಒಂದೇ ಮಾತು: ಆ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ. ಅದು ಮಹಡಿ ಇಲ್ಲದ ಮನೆ. ಹಳೆಯ ಫೋಟೋಗಳನ್ನು ತಂದು ತೋರಿಸಿದರು. ಮೆಟ್ಟಿಲು ಇದ್ದದ್ದು ಆ ಚಿಕಿತ್ಸಕರ ಸೂಚನೆಯಲ್ಲಿ ಮಾತ್ರ.

ಅದನ್ನು ಅವರಿಗೆ ತಿಳಿಸಿದಾಗ, ಮನೆಯವರು ಯಾವಾಗಲೂ ಅಲ್ಲಗಳೆಯುತ್ತಾರೆ, ಅಲ್ಲಗಳೆಯುವುದೇ ಸಾಕ್ಷಿ ಎಂದರು. ಫೋಟೋ ಮುಂದಿಟ್ಟಾಗ, ಹಾಗಾದರೆ ಇದು ಹಿಂದಿನ ಜನ್ಮದ ನೆನಪಿರಬಹುದು, ಅದಕ್ಕೆ ಬೇರೆಯ ಸರಣಿ ಮಾಡೋಣ ಎಂದರು. ಯಾವ ಸಾಕ್ಷ್ಯ ಬಂದರೂ ತಪ್ಪೆನಿಸಿಕೊಳ್ಳದ ವಿವರಣೆ ಚಿಕಿತ್ಸೆಯಲ್ಲ. ಅಂಥ ಮಾತು ಕೇಳಿದ ಕೂಡಲೇ ಎದ್ದುಬನ್ನಿ. 1952ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಸಂಮೋಹನಕ್ಕೆ ಒಳಗಾದ ಮಹಿಳೆಯೊಬ್ಬರು ತಾನು ಹಿಂದಿನ ಜನ್ಮದಲ್ಲಿ ಐರ್ಲೆಂಡಿನ ಬ್ರೈಡಿ ಮರ್ಫಿ ಆಗಿದ್ದೆ ಎಂದು ಸೊಗಸಾದ ವಿವರಗಳೊಂದಿಗೆ ಹೇಳಿದ್ದರು. ಪತ್ರಕರ್ತರು ಹುಡುಕಿಕೊಂಡು ಹೋದಾಗ ಅಂಥ ಮಹಿಳೆ ಬದುಕಿದ್ದಕ್ಕೆ ದಾಖಲೆಯೇ ಸಿಗಲಿಲ್ಲ. ವಿವರ ಎಷ್ಟೇ ಇದ್ದರೂ ಅದರಿಂದ ಸತ್ಯ ಸಾಬೀತಾಗುವುದಿಲ್ಲ.

ನಮ್ಮ ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಕಟ್ಟುವ ಹೊತ್ತಿನಲ್ಲಿ ಯಾರಾದರೂ ಹೊರಗಿನಿಂದ ಒಂದು ಇಟ್ಟಿಗೆ ಕೊಟ್ಟರೆ ಅದೂ ಗೋಡೆಯೊಳಗೆ ಸೇರಿಬಿಡುತ್ತದೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಲ್ಯದಲ್ಲಿ ಅಂಗಡಿ ಸಮುಚ್ಚಯವೊಂದರಲ್ಲಿ ಕಳೆದುಹೋಗಿದ್ದೆ ಎಂಬ ಕಟ್ಟುಕಥೆಯನ್ನು ಸುಮಾರು ನಾಲ್ಕರಲ್ಲಿ ಒಬ್ಬರು ಪೂರ್ತಿಯಾಗಿಯೋ ಭಾಗಶಃವೋ ತಮ್ಮದೇ ನೆನಪೆಂದು ಒಪ್ಪಿಕೊಂಡರು. ಅಲ್ಲಿ ಸಂಮೋಹನ ಇರಲೇ ಇಲ್ಲ. ಮನೆಯವರು ಹೇಳಿದ್ದು ಎಂಬ ನಂಬಿಕೆಯೊಂದೇ ಸಾಕಾಗಿತ್ತು. ಸಂಮೋಹನ ಇದಕ್ಕೆ ಇನ್ನೊಂದು ಅಪಾಯವನ್ನು ಸೇರಿಸುತ್ತದೆ. ನೆನಪಿನ ನಿಖರತೆ ಹೆಚ್ಚುವುದಿಲ್ಲ, ಅದು ನಿಜವೆಂಬ ಭರವಸೆ ಮಾತ್ರ ಹೆಚ್ಚುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1985ರಲ್ಲಿಯೇ ಇಂಥ ನೆನಪುಗಳನ್ನು ನೆಚ್ಚಿಕೊಳ್ಳಬಾರದೆಂದು ಎಚ್ಚರಿಸಿತ್ತು. ‘ನೀವು ಬಹಳ ಬೇಗ ಆಳಕ್ಕೆ ಇಳಿಯುತ್ತೀರಿ’ ಎಂದು ಆ ಚಿಕಿತ್ಸಕರು ನನ್ನನ್ನು ಹೊಗಳುತ್ತಿದ್ದರು. ಸುಲಭವಾಗಿ ಸಂಮೋಹನಕ್ಕೆ ಒಳಗಾಗುವವರಲ್ಲೇ ಸುಳ್ಳು ನೆನಪು ಬೇರೂರುವ ಸಾಧ್ಯತೆ ಹೆಚ್ಚು. ಅದನ್ನು ತಿಳಿದಿರಬೇಕಾದದ್ದು ಅವರ ಕೆಲಸವಾಗಿತ್ತು.

ಒಂದು ವಿಷಯ ತಪ್ಪಾಗಿ ಅರ್ಥವಾಗಬಾರದು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರು ಬಹಳ ಮಂದಿ ಇದ್ದಾರೆ, ಅವರ ಮಾತನ್ನು ಕೇಳಬೇಕು, ನಂಬಬೇಕು. ನಾನು ಹೇಳುತ್ತಿರುವುದು ಕಣ್ಣು ಮುಚ್ಚಿಸಿ, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಹುಟ್ಟಿಸಿದ ನೆನಪಿನ ಬಗ್ಗೆ. ಇಂಥ ಚಿಕಿತ್ಸಕರಿಂದ ನಿಜವಾದ ಸಂತ್ರಸ್ತರಿಗೂ ಅನ್ಯಾಯವಾಗುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ನಿಜವಾದ ಕಾಯಿಲೆ ಒಳಗೆ ಬೆಳೆಯುತ್ತಲೇ ಇತ್ತು. ಕೊನೆಗೆ ವೈದ್ಯೆಯೊಬ್ಬರು ನನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಅಲುಗಿತು. ಕುತ್ತಿಗೆ ಮುಟ್ಟಿ ನೋಡಿ, ನೀರು ನುಂಗಲು ಹೇಳಿ, ರಕ್ತಪರೀಕ್ಷೆಗೆ ಬರೆದುಕೊಟ್ಟರು. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಆಜ್ಞೆ ಕೊಡುವ ಹಾರ್ಮೋನು) ತೀರಾ ಕಡಿಮೆ, ಟಿ3 ಮತ್ತು ಟಿ4 (ಆ ಗ್ರಂಥಿಯದೇ ಹಾರ್ಮೋನುಗಳು) ಹೆಚ್ಚು. ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನು ಸುರಿಸುತ್ತಿತ್ತು. ಎದೆಬಡಿತ, ನಡುಕ, ಬೆವರು, ತೂಕ ಇಳಿಕೆ, ಭಯ ಎಲ್ಲವೂ ಅದರಿಂದಲೇ. ಹೀಗೆಯೇ ಬಿಟ್ಟರೆ ಹೃದಯದ ಲಯವೇ ತಪ್ಪಬಹುದು ಎಂದೂ ಹೇಳಿದರು. ಮಾತ್ರೆ ಆರಂಭಿಸಿದ ಮೇಲೆ ಎದೆ ಹಿಡಿತಕ್ಕೆ ಬಂತು, ನಿದ್ದೆ ಬಂತು. ಚಿಕ್ಕಪ್ಪನ ಜೊತೆಗಿನ ಸಂಬಂಧಕ್ಕೆ ಅಂಥ ಮಾತ್ರೆ ಸಿಕ್ಕಿಲ್ಲ.

ಹಾಗೆಂದು ಹಿಪ್ನೋಥೆರಪಿ ಪೂರ್ತಿ ಸುಳ್ಳು ಎನ್ನಲಾರೆ. ಕರುಳಿನ ಐಬಿಎಸ್ ತೊಂದರೆಗೆ (ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಮರುಕಳಿಸುವ ಕಾಯಿಲೆ) ಅದು ನೆರವಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು 1984ರಲ್ಲಿ 30 ರೋಗಿಗಳ ಮೇಲಿನ ಪ್ರಯೋಗ ಪ್ರಕಟಿಸಿದಂದಿನಿಂದ ಆ ಕೆಲಸ ಮುಂದುವರಿದಿದೆ. 12 ತಿಂಗಳು ಔಷಧ ಕೊಟ್ಟರೂ ಗುಣ ಕಾಣದವರಿಗೆ ಇದನ್ನೂ ಪರಿಗಣಿಸಬಹುದು ಎಂದು ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ಹೇಳುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ, ಹಲ್ಲಿನ ಚಿಕಿತ್ಸೆಯ ಭಯ, ಕೆಲವು ಬಗೆಯ ನೋವು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಗೆ ಬಿಸಿಯೇರುವುದು, ಇವುಗಳಲ್ಲಿಯೂ ಪ್ರಯೋಜನ ಕಂಡಿದೆ. ಸಿಗರೇಟು ಬಿಡಿಸುವುದರಲ್ಲಿ ಬೇರೆ ವಿಧಾನಗಳಿಗಿಂತ ಮೇಲು ಎನ್ನುವಷ್ಟು ಆಧಾರ ಇಲ್ಲವೆಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2019ರ ಪರಿಶೀಲನೆ ಹೇಳಿದೆ, ಜಾಹೀರಾತುಗಳು ಏನೇ ಹೇಳಲಿ. ಒಂದನ್ನು ಗಮನಿಸಿ: ಪ್ರಯೋಜನ ಕಂಡ ಕಡೆಗಳಲ್ಲೆಲ್ಲ ರೋಗ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಸಂಮೋಹನದಿಂದ ರೋಗ ಪತ್ತೆಯಾಗುವುದಿಲ್ಲ.

ಆದ್ದರಿಂದ ಒಬ್ಬ ಹಿಪ್ನೋಥೆರಪಿಸ್ಟ್ ಬಳಿ ಹೋಗುವ ಮುಂಚೆ ನೇರವಾಗಿ ಕೇಳಿ: ಸಂಮೋಹನ ಬಿಟ್ಟು, ಈ ಕಾಯಿಲೆಗೆ ಚಿಕಿತ್ಸೆ ಕೊಡುವ ಅರ್ಹತೆ ನಿಮಗಿದೆಯೇ? ಅವರು ಮನೋವೈದ್ಯರೋ, ಕ್ಲಿನಿಕಲ್ ಮನೋವಿಜ್ಞಾನಿಯೋ, ದಂತವೈದ್ಯರೋ ಆಗಿದ್ದು ತಮ್ಮ ಕ್ಷೇತ್ರದೊಳಗೆ ಇದನ್ನು ಬಳಸುವುದಾದರೆ ಮಾತು ಬೇರೆ. ಕೆಲವು ದಿನಗಳ ತರಬೇತಿಯ ಪ್ರಮಾಣಪತ್ರವೊಂದೇ ಗೋಡೆಯ ಮೇಲಿದ್ದರೆ ಬೇಡ. ಇಲ್ಲದ ಧ್ವನಿಗಳು ಕೇಳಿಸುವ, ವಾಸ್ತವದ ಹಿಡಿತ ತಪ್ಪುವ ಕಾಯಿಲೆ ಇರುವವರನ್ನಂತೂ ಮನೋವೈದ್ಯರ ಒಪ್ಪಿಗೆಯಿಲ್ಲದೆ ಕರೆದೊಯ್ಯಬೇಡಿ. ನಡೆಯುತ್ತಿರುವ ಔಷಧವನ್ನು ಹಿಪ್ನೋಥೆರಪಿಸ್ಟ್ ಮಾತು ಕೇಳಿ ನಿಲ್ಲಿಸಬೇಡಿ.

ಈಗಾಗಲೇ ಇಂಥ ಚಿಕಿತ್ಸೆಯ ನಡುವೆ ಇದ್ದು, ಹಿಂದೆಂದೂ ಇರದ ನೆನಪೊಂದು ಎದ್ದುಬಂದಿದ್ದರೆ, ಯಾರನ್ನಾದರೂ ಪ್ರಶ್ನಿಸುವ ಮುಂಚೆ ಆ ದಿನ ನಿಮಗೆ ಕೇಳಿದ ಪ್ರಶ್ನೆಗಳನ್ನು ನೆನಪಿರುವಷ್ಟೂ ಹಾಗೆಯೇ ಬರೆದಿಡಿ. ಧ್ವನಿಮುದ್ರಿಕೆ ಇದ್ದರೆ ಕೇಳಿ ಪಡೆಯಿರಿ. ಅದನ್ನು ತೆಗೆದುಕೊಂಡು ಆ ಚಿಕಿತ್ಸಕರಿಗೆ ಸಂಬಂಧವಿಲ್ಲದ ಮನೋವೈದ್ಯರೊಬ್ಬರ ಬಳಿ ಹೋಗಿ, ಜೊತೆಗೆ ದೇಹದ ಲಕ್ಷಣಗಳನ್ನೂ ಅವರಿಗೆ ಹೇಳಿ.